ಈಜುಕೊಳದ ಸುತ್ತ ಮರಳೋ, ಜಲ್ಲಿಯೋ?

ಫೈಬರ್‌ಗ್ಲಾಸ್ ಈಜುಕೊಳವನ್ನು ಸ್ಥಳದಲ್ಲಿ ಕಟ್ಟುವುದಿಲ್ಲ, ತಂದು ಇಳಿಸುತ್ತಾರೆ. ಗಾಜಿನ ನಾರು ಮತ್ತು ರಾಳವನ್ನು ಅಚ್ಚಿನ ಮೇಲೆ ಪದರಪದರವಾಗಿ ಮೆತ್ತಿ ಕಾರ್ಖಾನೆಯಲ್ಲೇ ಮಾಡಿದ ಇಡೀ ತೊಟ್ಟಿ ಲಾರಿಯಲ್ಲಿ ಬರುತ್ತದೆ; ಕ್ರೇನ್ ಅದನ್ನು ಗುಂಡಿಯಲ್ಲಿ ಕೂರಿಸುತ್ತದೆ. ಆಸ್ಟ್ರೇಲಿಯಾ, ಅಮೆರಿಕಗಳ ಹಿತ್ತಿಲುಗಳಲ್ಲಿ ಇದು ಮಾಮೂಲು. ತೊಟ್ಟಿ ಕೂತ ಮೇಲೆ ಅದರ ಗೋಡೆಗೂ ಗುಂಡಿಯ ಅಂಚಿಗೂ ನಡುವೆ ಸಂದು ಉಳಿಯುತ್ತದೆ. ಅದಕ್ಕೆ ಏನು ತುಂಬಬೇಕು? ಅಗೆದ ಮಣ್ಣೋ, ಮರಳೋ, ಜಲ್ಲಿಯೋ? ಬ್ಯಾಕ್‌ಫಿಲ್ಲಿಂಗ್ ಎಂದು ಕರೆಯುವ ಈ ಕೆಲಸ ಮುಗಿದ ಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಕೊಳ ಎಷ್ಟು ವರ್ಷ ನೆಟ್ಟಗೆ ನಿಂತೀತು ಎಂಬುದು ಮಾತ್ರ ಬಹುಮಟ್ಟಿಗೆ ಇದರ ಮೇಲೇ ನಿಂತಿದೆ.

ಕಾರಣ, ಈ ಗೋಡೆ ತೆಳು, ಒತ್ತಿದರೆ ಬಾಗುತ್ತದೆ. ಒಳಗಿನ ನೀರು ಅದನ್ನು ಹೊರಕ್ಕೆ ನೂಕುತ್ತದೆ, ಹೊರಗೆ ತುಂಬಿದ್ದು ಒಳಕ್ಕೆ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಮೀಟರ್ ಗೋಡೆಗೆ ಸುಮಾರು 1,000 ಕಿಲೋ ತೂಕದಷ್ಟು ಒತ್ತಡ ಹಾಕುತ್ತದೆ. ಮಣ್ಣಿನ ಒತ್ತಡದ ಲೆಕ್ಕ ಬೇರೆ. ಕಣಗಳು ಒಂದಕ್ಕೊಂದು ತಿಕ್ಕಿ ನಿಲ್ಲುವುದರಿಂದ ತಮ್ಮ ಭಾರದ ಒಂದು ಪಾಲನ್ನಷ್ಟೇ ಪಕ್ಕಕ್ಕೆ ನೂಕುತ್ತವೆ. ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ 1857ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಒಣ ಮರಳಿನಲ್ಲಿ ಈ ಪಾಲು ಸುಮಾರು ಮೂರನೆಯ ಒಂದು. ಅಂದರೆ ಅದೇ ಒಂದು ಮೀಟರ್ ಆಳದಲ್ಲಿ ಒಣ ಮರಳಿನ ನೂಕು 550 ಕಿಲೋ ಆಸುಪಾಸು.

ಮಳೆ ಬಂದು ಅದೇ ಮರಳು ನೀರು ಕುಡಿಯಿತೆನ್ನಿ. ಕಣಗಳ ಭಾರದಲ್ಲಿ ಒಂದಷ್ಟನ್ನು ನೀರು ಹೊರುವುದರಿಂದ ಅವುಗಳ ನೂಕು 330 ಕಿಲೋಗೆ ಇಳಿಯುತ್ತದೆ ನಿಜ. ಆದರೆ ಕಣಗಳ ನಡುವಿನ ನೀರು ತನ್ನ ಪಾಲಿನ 1,000 ಕಿಲೋವನ್ನು ಪೂರಾ ಸೇರಿಸುತ್ತದೆ. ಒಟ್ಟು 1,300ಕ್ಕೂ ಹೆಚ್ಚು; ಮೊದಲಿನ ಎರಡು ಪಟ್ಟಿಗೂ ಮಿಗಿಲು. ಕಣಗಳ ಒತ್ತಡವನ್ನೂ ನೀರಿನ ಒತ್ತಡವನ್ನೂ ಹೀಗೆ ಬಿಡಿಸಿ ನೋಡುವುದನ್ನು ಕಲಿಸಿದವರು ಮಣ್ಣಿನ ಯಂತ್ರಶಾಸ್ತ್ರದ ಜನಕ ಕಾರ್ಲ್ ಟೆರ್ಜಾಗಿ. ಕೊಳ ತುಂಬಿದ್ದಾಗ ಒಳಗಿನ ನೀರು ಇದಕ್ಕೆ ಎದುರು ನಿಲ್ಲುತ್ತದೆ. ತೊಳೆಯಲೆಂದು ಖಾಲಿ ಮಾಡಿದರೆ ಎದುರು ನಿಲ್ಲುವವರಿಲ್ಲ: ಗೋಡೆ ಒಳಕ್ಕೆ ಉಬ್ಬುತ್ತದೆ, ಅಂತರ್ಜಲ ಮೇಲಿದ್ದರೆ ತೊಟ್ಟಿಯೇ ಖಾಲಿ ಕೊಪ್ಪರಿಗೆಯಂತೆ ತೇಲಿ ಎದ್ದುಬಿಡುತ್ತದೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ತೊಟ್ಟಿ ಪೂರ್ತಿ ಮುಳುಗಿದರೆ 48 ಟನ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅದರ ಸ್ವಂತ ತೂಕವೋ, ಒಂದೆರಡು ಟನ್ ಮೀರುವುದಿಲ್ಲ.

ಮರಳಿಗೆ ಇನ್ನೊಂದು ಕಾಟವಿದೆ. ಮನೆ ಕಟ್ಟಿಸಿದವರಿಗೆ ಗೊತ್ತು, ತೇವದ ಮರಳು ಅಳತೆಗೆ ಮೋಸ ಮಾಡುತ್ತದೆ. ಕಣಗಳ ಸುತ್ತಲಿನ ನೀರಿನ ಪೊರೆ ಅವುಗಳನ್ನು ದೂರವಿಡುವುದರಿಂದ ನುಣ್ಣನೆಯ ಮರಳು ಕಾಲು ಭಾಗಕ್ಕೂ ಹೆಚ್ಚು ಉಬ್ಬಬಲ್ಲದು. ಇಂಥ ಮರಳನ್ನು ಸಂದಿಗೆ ಸುರಿದರೆ ಅಂಚಿನವರೆಗೆ ತುಂಬಿದಂತೆಯೇ ಕಾಣುತ್ತದೆ. ಮುಂದೆ ನೀರು ಹರಿದಾಗ ಪೊರೆ ಕರಗಿ ಮರಳು ಕುಸಿಯುತ್ತದೆ. ಗೋಡೆಯ ಹಿಂದೆ ಟೊಳ್ಳು, ಮೇಲಿನ ಕಟ್ಟೆಯಲ್ಲಿ ಬಿರುಕು. ಪೈಪು ಸೋರಿದರೆ ಮರಳು ಕೊಚ್ಚಿಯೂ ಹೋಗುತ್ತದೆ. ನೀರು ತುಂಬಿದ ಸಡಿಲ ಮರಳು ಅದುರಿದರೆ ದ್ರವದಂತೆಯೇ ವರ್ತಿಸುತ್ತದೆ. 1964ರಲ್ಲಿ ಜಪಾನಿನ ನೀಗಾಟಾ ಭೂಕಂಪದಲ್ಲಿ ಬಹುಮಹಡಿ ಮನೆಗಳು ಇಡಿಯಾಗಿ ವಾಲಿದ್ದು, ನೆಲದಡಿಯ ತೊಟ್ಟಿಗಳು ಮೇಲೆದ್ದದ್ದು ಇದರಿಂದಲೇ.

ಹಾಗೆಂದು ಮರಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೀರು ನಿಲ್ಲದ ಜಾಗದಲ್ಲಿ, ಪದರ ಪದರವಾಗಿ ನೀರು ಹಾಯಿಸಿ ಕೂರಿಸಿದರೆ ಅದು ಗೋಡೆಗೆ ಮೆತ್ತಗೆ, ಎಲ್ಲೂ ಚುಚ್ಚದೆ ಒತ್ತಿ ನಿಲ್ಲುತ್ತದೆ. ಆಸ್ಟ್ರೇಲಿಯಾದಲ್ಲಿ ಮರಳಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೊಚ್ಚಿಹೋಗದಂತೆ ಗಟ್ಟಿ ಮಾಡುವುದೂ ರೂಢಿ.

ಪುಡಿಯಿಲ್ಲದ, ಒಂದೇ ಗಾತ್ರದ ಜಲ್ಲಿ ಸುರಿದ ಕ್ಷಣದಲ್ಲೇ ಹೆಚ್ಚುಕಡಿಮೆ ಕೂತುಬಿಡುತ್ತದೆ. ಕೋನಗಳು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಪಕ್ಕಕ್ಕೆ ನೂಕುವುದೂ ಕಡಿಮೆ. ಒದ್ದೆಯಾದರೂ ಅದರ ಗಾತ್ರ ಬದಲಾಗದು. ಮಧ್ಯೆ ಖಾಲಿ ಜಾಗ ಶೇ. 40ರಷ್ಟಿದ್ದು ನೀರು ಸರಾಗ ಹರಿಯುತ್ತದೆ. ಪೆಟ್ರೋಲ್ ಬಂಕುಗಳ ಫೈಬರ್‌ಗ್ಲಾಸ್ ಟ್ಯಾಂಕುಗಳ ಸುತ್ತಲೂ ಸಣ್ಣ ಜಲ್ಲಿ ಇಲ್ಲವೇ ಗುಂಡುಕಲ್ಲಿನ ಹರಳು ತುಂಬಿಸುವುದು ಈ ಗುಣಕ್ಕಾಗಿಯೇ. ಕ್ರಷರಿನಿಂದ ತರಿಸುವಾಗ ಪುಡಿ ಬೆರೆತ ಲೋಡು ಬಂದರೆ ಲಾಭವೆಲ್ಲ ಹೋಯಿತು. ಪುಡಿ ಆ ಖಾಲಿ ಜಾಗಗಳನ್ನು ಮುಚ್ಚುತ್ತದೆ.

ಆದರೆ ಜಲ್ಲಿ ನೀರಿಗೆ ದಾರಿ ಕೊಡುತ್ತದೆಯೇ ಹೊರತು ನೀರನ್ನು ಇಲ್ಲವಾಗಿಸುವುದಿಲ್ಲ. ಜೇಡಿನೆಲದಲ್ಲಿ ಅಗೆದ ಗುಂಡಿ ತಾನೇ ಒಂದು ಬಾವಿ. ನಿಂತ ನೀರು ಜಲ್ಲಿಯ ನಡುವೆಯೂ ಅಷ್ಟೇ ಒತ್ತುತ್ತದೆ. ಅದಕ್ಕೇ ಅತಿ ಆಳದ ಮೂಲೆಯಲ್ಲಿ ರಂಧ್ರಗಳಿರುವ ಪಿವಿಸಿ ಪೈಪೊಂದನ್ನು ನೆಲದ ಮಟ್ಟದವರೆಗೆ ನಿಲ್ಲಿಸಬೇಕು. ಕೊಳ ಖಾಲಿ ಮಾಡುವ ಮುನ್ನ ಅದರೊಳಗೆ ಇಣುಕಿ, ನೀರಿದ್ದರೆ ಪಂಪಿನಿಂದ ತೆಗೆಯಬೇಕು. ಸುತ್ತಲಿನ ಮಣ್ಣು ಜಲ್ಲಿಯೊಳಗೆ ನುಸುಳದಂತೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು.

ಅಗೆದ ಮಣ್ಣು ಪುಕ್ಕಟೆ ಸಿಗುತ್ತದೆ, ಆದರೆ ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಅದನ್ನೇ ವಾಪಸು ತುಂಬುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಖನಿಜ ತನ್ನ ಪದರಗಳ ನಡುವೆ ನೀರು ಎಳೆದುಕೊಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮಲಪ್ರಭಾ ಕಾಲುವೆಯ ಒಳಹೊದಿಕೆಯನ್ನು ಇದು ಕಾಡಿದಾಗ, ಐಐಟಿ ಬಾಂಬೆಯ ಆರ್. ಕೆ. ಕಟ್ಟಿ ಅವರ ವಿಧಾನದಂತೆ ಉಬ್ಬದ ಮಣ್ಣಿನ ಪದರವೊಂದನ್ನು ನಡುವೆ ಕೊಡಲಾಯಿತು. ಕಾಂಕ್ರೀಟನ್ನೇ ಸೀಳುವ ಮಣ್ಣಿಗೆ ಬಾಗುವ ಗೋಡೆ ಯಾವ ಲೆಕ್ಕ?

ಏನನ್ನೇ ಆರಿಸಿದರೂ ತುಂಬುವ ಕ್ರಮ ಒಂದೇ. ಹೊರಗೆ ಸುಮಾರು ಒಂದಡಿ ತುಂಬಿದರೆ ಒಳಗೂ ಅಷ್ಟೇ ಎತ್ತರಕ್ಕೆ ನೀರು. ಮೆಟ್ಟಿಲು, ಆಸನಗಳ ಅಡಿಯ ಟೊಳ್ಳಿಗೆ ಕೈಯಿಂದಲೇ ತುರುಕಬೇಕು. ತಯಾರಕರು ಇಂಥದ್ದೇ ಬೇಕೆಂದು ಹೇಳಿದ್ದರೆ ಅದೇ ಕೊನೆ ಮಾತು, ಇಲ್ಲದಿದ್ದರೆ ವಾರಂಟಿ ಕೈತಪ್ಪಬಹುದು. ಅವರು ಆಯ್ಕೆ ಬಿಟ್ಟಿದ್ದರೆ ಕೇಳಬೇಕಾದ್ದು ಲೋಡಿನ ಬೆಲೆಯನ್ನಲ್ಲ. ಆ ವಸ್ತು ಆಷಾಢದ ಮಳೆಯಲ್ಲಿ ನೆನೆದ ಮೇಲೂ ಹೀಗೇ ಇರುತ್ತದೆಯೇ ಎಂಬುದನ್ನು. ಇರುವುದಿಲ್ಲವೆಂದಾದರೆ ಆಮೇಲೆ ಬದಲಿಸಲು ಸುತ್ತಲಿನ ಕಟ್ಟೆಯನ್ನೇ ಒಡೆಯಬೇಕಾಗುತ್ತದೆ.