ಗಾಂಧಾರವು ಯಂತ್ರದಿಂದ ಯಂತ್ರಕ್ಕೆ ಸಾಗುವಾಗ

ಸಾಂಗ್ಲಿ ಮತ್ತು ಮಿರಜಗಳೊಡನೆ ಕುಪವಾಡವೂ ಸೇರಿ 1998ರಲ್ಲಿ ಒಂದೇ ಮಹಾನಗರಪಾಲಿಕೆಯಾಯಿತು. ಈ ಪರಿಸರದ ಕೀರ್ತಿ ತಂತಿವಾದ್ಯಗಳಿಂದ ಬಂದುದು. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ, ಆ ನಾದದೊಳಗಿನಿಂದಲೇ ಗಾಂಧಾರವೊಂದು ಕೇಳಿಬರುತ್ತದೆ. ಸಪ್ತಕವನ್ನು 1200 ಸೆಂಟ್‌ಗಳಾಗಿ ವಿಭಾಗಿಸಿದರೆ ಈ ಗಾಂಧಾರವು ಸುಮಾರು 386ರಲ್ಲಿ ನಿಲ್ಲುತ್ತದೆ. ಹನ್ನೆರಡು ಸಮಭಾಗಗಳ ಹಾರ್ಮೋನಿಯಮ್ಮಿನಲ್ಲಿ ಅದರ ಸ್ಥಾನ 400. ಈ ಹದಿನಾಲ್ಕು ಸೆಂಟ್‌ಗಳ ಅಂತರವನ್ನು ಪಳಗಿದ ಕಿವಿ ಗುರುತಿಸಬಲ್ಲದು.

ಈ ಅಂತರದ ಪ್ರಶ್ನೆ ಇಲ್ಲಿಗೆ ಹೊಸದಲ್ಲ. ನಿವೃತ್ತ ಡೆಪ್ಯುಟಿ ಕಲೆಕ್ಟರರಾಗಿ ಸಾಂಗ್ಲಿಯಲ್ಲಿದ್ದ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1910ರಲ್ಲಿ ಪ್ರಕಟವಾಯಿತು. ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಅವರ ಶ್ರುತಿಶೋಧನೆಗೆ ನೆರವಾದರು. ದೇವಲರೂ ಐ.ಸಿ.ಎಸ್. ಅಧಿಕಾರಿ ಕ್ಲೆಮೆಂಟ್ಸರೂ ಸೇರಿ ಶ್ರುತಿ ಹಾರ್ಮೋನಿಯಮ್ಮನ್ನು ರೂಪಿಸಿದರು. ಸ್ಥಿರ ಮನೆಗಳ ವಾದ್ಯದೊಳಗೆ ಶ್ರುತಿಯನ್ನು ಕೂರಿಸುವುದು ಹೇಗೆ ಎಂಬುದು ಅವರ ಸಮಸ್ಯೆ. ಗಣಕಯಂತ್ರದ ಸಂಗೀತಕ್ಕೂ ಅದೇ ಸಮಸ್ಯೆ ಬೇರೊಂದು ವೇಷದಲ್ಲಿ ಎದುರಾಗಿದೆ.

1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಒಡಂಬಡಿಕೆಯು ನಾದವನ್ನು ಒಯ್ಯುವುದಿಲ್ಲ, ಆಜ್ಞೆಯನ್ನು ಒಯ್ಯುತ್ತದೆ. ಸ್ವರ ಆರಂಭವಾಗಲಿ, ಅದು ಇಂಥ ಸಂಖ್ಯೆಯ ಸ್ವರ, ಇಷ್ಟು ಬಲದಿಂದ ನುಡಿಯಲಿ ಎಂಬುದನ್ನು ಮೂರು ಬೈಟ್‌ಗಳಲ್ಲಿ ತಿಳಿಸುತ್ತದೆ. ಸ್ವರಸಂಖ್ಯೆಗಳು 0ಯಿಂದ 127ರವರೆಗೆ. ಷಡ್ಜವನ್ನು 60 ಎಂದು ಹಿಡಿದರೆ ಶುದ್ಧ ಗಾಂಧಾರ 64, ಅಂದರೆ 400 ಸೆಂಟ್. ತಂಬೂರಿಯ ಗಾಂಧಾರಕ್ಕೆ ಅಲ್ಲಿ ಸಂಖ್ಯೆಯೇ ಇಲ್ಲ. ಅದಕ್ಕಾಗಿ ಸ್ವರವನ್ನು ಬಾಗಿಸುವ ಇನ್ನೊಂದು ಆಜ್ಞೆಯನ್ನು ಬಳಸಬೇಕು. ಅದರ ಮಧ್ಯಬಿಂದು 8192. ಎರಡು ಅರ್ಧಸ್ವರಗಳವರೆಗೆ ಬಾಗುವ ವ್ಯವಸ್ಥೆಯಲ್ಲಿ 7631 ಎಂದು ಕಳುಹಿಸಿದರೆ ಗಾಂಧಾರವು 386ಕ್ಕೆ ಇಳಿಯುತ್ತದೆ.

ಇಂಥ ಲೆಕ್ಕಕ್ಕೆ ಲಿಸ್ಪ್ ಭಾಷೆ ಒಗ್ಗುತ್ತದೆ. 1958ರಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಈ ಭಾಷೆಯಲ್ಲಿ ಪಟ್ಟಿಗಳೇ ಪ್ರಧಾನ. ಒಂದು ಆಲಾಪದ ಪದಗುಚ್ಛವೂ ಪಟ್ಟಿ, ಅದನ್ನು ಹಿಗ್ಗಿಸುವ, ತಿರುವುವ ಸೂತ್ರವೂ ಪಟ್ಟಿ. ಹೈನ್ರಿಕ್ ಟಾಬೆ 1989ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಆರಂಭಿಸಿದ ‘ಕಾಮನ್ ಮ್ಯೂಸಿಕ್’ ಲಿಸ್ಪ್ ಆಧಾರಿತ ಸಂಗೀತ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು.

ಇಂಥ ತಂತ್ರಾಂಶವನ್ನು ಒಂದು ಬಗೆಯ ಗಣಕದಿಂದ ಮತ್ತೊಂದಕ್ಕೆ ಸಾಗಿಸುವಾಗ ಯಾವುದು ಸುಲಭ, ಯಾವುದು ಕಠಿಣ? ಲೆಕ್ಕಾಚಾರದ ಭಾಗ ಬಹುಮಟ್ಟಿಗೆ ಹಾಗೆಯೇ ಸಾಗುತ್ತದೆ. ಮಿಡಿ ಕಡತವನ್ನು ಬರೆಯುವುದೂ ಸುಲಭ, ಬೈಟ್‌ಗಳ ಕ್ರಮ ಅಲ್ಲಿ ಮೊದಲೇ ನಿಶ್ಚಿತ. ಕಷ್ಟವೆಲ್ಲ ವಾದ್ಯದೊಡನೆ ಆ ಕ್ಷಣದಲ್ಲೇ ಮಾತಾಡುವುದರಲ್ಲಿದೆ. 1994ರಲ್ಲಿ ಅಧಿಕೃತವಾದ ಕಾಮನ್ ಲಿಸ್ಪ್ ಮಾನಕದಲ್ಲಿ ಮಿಡಿ ಸಾಧನಗಳ ಪ್ರಸ್ತಾಪವಿಲ್ಲ. ಮ್ಯಾಕಿನಲ್ಲಿ ಕೋರ್‌ಮಿಡಿ, ಲಿನಕ್ಸಿನಲ್ಲಿ ಆಲ್ಸಾ, ವಿಂಡೋಸಿನಲ್ಲಿ ಅದರದೇ ಮಾರ್ಗ. ಇವುಗಳನ್ನು ತಲುಪಲು ಸಿ ಭಾಷೆಯ ಕ್ರಿಯೆಗಳನ್ನು ಕರೆಯಬೇಕು, ಹಾಗೆ ಕರೆಯುವ ವಿಧಾನವು ಒಂದೊಂದು ಲಿಸ್ಪಿನಲ್ಲಿ ಒಂದೊಂದು ಬಗೆ.

ಇದಕ್ಕೆ ಪರಿಹಾರವೆಂದರೆ ನಡುವೆ ತೆಳುವಾದ ಒಂದು ಪದರ. ರೋಜರ್ ಡ್ಯಾನೆನ್‌ಬರ್ಗ್ ಅವರ ‘ಪೋರ್ಟ್‌ಮಿಡಿ’ ಮೂರೂ ವ್ಯವಸ್ಥೆಗಳಿಗೆ ಒಂದೇ ಮುಖವನ್ನು ಕೊಡುತ್ತದೆ. ‘ಸಿಎಫ್‌ಎಫ್‌ಐ’ ಹಲವು ಲಿಸ್ಪ್‌ಗಳಿಗೆ ಒಂದೇ ಕರೆಯುವ ವಿಧಾನವನ್ನು ಒದಗಿಸುತ್ತದೆ. ತೆರೆ, ಕಳುಹಿಸು, ಸ್ವೀಕರಿಸು, ಮುಚ್ಚು ಎಂಬ ಕೆಲವೇ ಆಜ್ಞೆಗಳು ಈ ಪದರಕ್ಕೆ ಸಾಕು. ಕಾಲದ ತೊಡಕೊಂದು ಉಳಿಯುತ್ತದೆ. ಬಳಸಿ ಬಿಟ್ಟ ಸ್ಮೃತಿಯನ್ನು ಗುಡಿಸಲು ಲಿಸ್ಪ್ ಆಗಾಗ ಕ್ಷಣಕಾಲ ನಿಂತರೆ ಲಯ ತಪ್ಪುತ್ತದೆ. ಆದ್ದರಿಂದ ಪ್ರತಿ ಸ್ವರಕ್ಕೂ ನುಡಿಯಬೇಕಾದ ಸಮಯವನ್ನು ಬರೆದು ಮುಂಚಿತವಾಗಿಯೇ ಕಳುಹಿಸಲಾಗುತ್ತದೆ.

ಇಷ್ಟಾದರೂ ಕೆಲಸ ಮುಗಿಯಿತೆನ್ನಲಾಗದು. ಹೊಸ ಗಣಕಕ್ಕೆ ಜೋಡಿಸಿದ ವಾದ್ಯವು ಎರಡರ ಬದಲು ಹನ್ನೆರಡು ಅರ್ಧಸ್ವರಗಳವರೆಗೆ ಬಾಗುವಂತೆ ಹೊಂದಿಸಲ್ಪಟ್ಟಿದ್ದರೆ, ಅದೇ 7631 ಎಂಬ ಸಂಖ್ಯೆಯು ಗಾಂಧಾರವನ್ನು ಹದಿನಾಲ್ಕರ ಬದಲು ಸುಮಾರು 82 ಸೆಂಟ್ ಇಳಿಸುತ್ತದೆ. ಆಗ ಅದು 318ಕ್ಕೆ, ಅಂದರೆ ಕೋಮಲ ಗಾಂಧಾರದ ನೆರೆಗೆ ಬಂದು ನಿಲ್ಲುತ್ತದೆ. ಭೂಪದ ಗಾಂಧಾರವೊಂದೇ ಕೋಮಲವಾದರೆ ಉಳಿಯುವುದು ಶಿವರಂಜನಿಯ ಸ್ವರಗಳು! ತೆರೆಯ ಮೇಲೆ ಯಾವ ದೋಷಸೂಚನೆಯೂ ಮೂಡದು, ಯಂತ್ರದ ಮಟ್ಟಿಗೆ ಎಲ್ಲವೂ ಸರಿ. ಬಾಗುವ ವ್ಯಾಪ್ತಿಯನ್ನು ಮೊದಲೇ ತಿಳಿಸುವ ಆಜ್ಞೆಯೂ ಮಿಡಿಯಲ್ಲಿದೆ. ಅದನ್ನು ಕಳುಹಿಸಿ, ಬಳಿಕ ತಂಬೂರಿ ಬಲ್ಲ ಕಿವಿಯಿಂದ ಪರೀಕ್ಷಿಸುವುದೇ ಸರಿಯಾದ ಕ್ರಮ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಅನುಭವ ಅಪರಿಚಿತವೇನಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪ್ರಬಂಧವನ್ನು ಆ ಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಸಂಖ್ಯೆಗಳು ಹಾಗೆಯೇ ಬಂದಿರುತ್ತವೆ, ಅವುಗಳ ಅರ್ಥದ ಒಪ್ಪಂದ ಮಾತ್ರ ಹಿಂದೆ ಉಳಿದಿರುತ್ತದೆ. ಅಕ್ಷರದ ತಪ್ಪು ಕಣ್ಣಿಗೆ ಕೂಡಲೇ ಕಾಣುತ್ತದೆ. ಶ್ರುತಿಯ ತಪ್ಪನ್ನು ಕೇಳಿಯೇ ಅರಿಯಬೇಕು. ಗ್ರಂಥಸಂಪಾದನೆಯಲ್ಲಿ ಪಾಠವನ್ನು ಮೂಲದೊಡನೆ ಹೋಲಿಸದೆ ಒಪ್ಪುವುದಿಲ್ಲ. ಸ್ವರದ ಸಾಗಾಟಕ್ಕೂ ಆ ನಿಯಮವೇ ಸಲ್ಲುತ್ತದೆ, ಮತ್ತು ಗಾಂಧಾರದ ಮೂಲಪಾಠವಿರುವುದು ಮಿರಜದ ತಂಬೂರಿಯಲ್ಲಿ.