ಚಿತ್ರ ನಿಮ್ಮದೇ, ಸಾಕ್ಷಿ ಎಲ್ಲಿದೆ?

ಕಂಪ್ಯೂಟರ್ ಗೊತ್ತಿರೋನಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಕಾನೂನಿನವರೆಗೂ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮ ಮನೆಯವರ ನಂಬಿಕೆ. ಹಾಗಾಗಿ ಚಿತ್ರ ಬರೆಯೋ ನೆಂಟರು, ಸ್ನೇಹಿತರು ನನ್ನನ್ನ ಕೇಳೋದು ಒಂದೇ ಪ್ರಶ್ನೆ: "ಇದಕ್ಕೆ ಕಾಪಿರೈಟ್ ಮಾಡಿಸೋದು ಹೇಗೆ?"

ಕಾಪಿರೈಟ್ ಯಾರೂ ಮಾಡಿಸಿ ಕೊಡಬೇಕಾಗಿಲ್ಲ. ಸ್ವಂತವಾಗಿ ಚಿತ್ರ ಬರೆದ ಕೂಡಲೇ ಅದರ ಹಕ್ಕು ನಿಮ್ಮದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಅದು ನೀವು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಇರುತ್ತೆ. ನೋಂದಣಿ ಕಡ್ಡಾಯವೇನಲ್ಲ. ತಾಪತ್ರಯ ಶುರುವಾಗೋದು ಯಾರೋ ಕದ್ದಾಗ, "ಇದು ನಿಮ್ಮದು ಅನ್ನೋಕೆ ಏನು ಗ್ಯಾರಂಟಿ?" ಅಂತ ಕೇಳಿದಾಗ.

ನನ್ನ ಚಿಕ್ಕಪ್ಪನ ಮಗಳು ಟ್ಯಾಬ್‌ನಲ್ಲಿ ಯಕ್ಷಗಾನದ ವೇಷಗಳನ್ನ ಬರೆದು ಇನ್‌ಸ್ಟಾಗ್ರಾಂಗೆ ಹಾಕ್ತಾಳೆ. ಕಳೆದ ವರ್ಷ ಯಾವುದೋ ಆನ್‌ಲೈನ್ ಅಂಗಡಿಯಲ್ಲಿ ಅವಳ ಚಿತ್ರವಿರೋ ಕಾಫಿ ಮಗ್ 349 ರೂಪಾಯಿಗೆ ಮಾರಾಟಕ್ಕಿತ್ತು. ಮೂಲೆಯಲ್ಲಿದ್ದ ಸಹಿಯನ್ನ ನೀಟಾಗಿ ಕತ್ತರಿಸಿದ್ರು. "ಅಣ್ಣಾ, ಕಿರೀಟದ ಬಲಗಡೆ ಒಂದು ಮಣಿ ಬರೆಯೋದು ಬಿಟ್ಟುಹೋಗಿತ್ತು. ಮಗ್ ಮೇಲೂ ಆ ಮಣಿ ಇಲ್ಲ, ನೋಡು!" ಅಂದಳು. ಸಿಟ್ಟಲ್ಲಿ ಹೇಳಿದ್ದಾದ್ರೂ ಅದಕ್ಕಿಂತ ಒಳ್ಳೇ ಸಾಕ್ಷಿ ಸಿಗೋದು ಕಷ್ಟ.

ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಂಡ್ವಿ. ಬೆಲೆ, ಮಾರಾಟಗಾರನ ಹೆಸರು, ಲಿಂಕ್, ತಾರೀಕು ಎಲ್ಲಾ ಕಾಣೋ ಹಾಗೆ. ಪುಟ ಮಾಯವಾದ್ರೆ ಸಾಕ್ಷಿಯೂ ಹೋಗುತ್ತೆ. ಆಮೇಲೆ ಮಾರಾಟಗಾರನಿಗೆ ಮೆಸೇಜ್ ಮಾಡಿದ್ರೆ "ನೆಟ್‌ನಲ್ಲಿ ಸಿಕ್ತು ಮೇಡಂ" ಅಂದ. ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ದೇವಸ್ಥಾನದ ಪ್ರಸಾದ ಅಂದ್ಕೊಂಡವರು ಬಹಳ ಜನ ಇದ್ದಾರೆ.

ಅವಳ ಕೈ ಹಿಡಿದದ್ದು ಮೂಲ ಫೈಲ್. ಪೆನ್ಸಿಲ್ ಗೆರೆ ಒಂದು ಲೇಯರ್, ಬಣ್ಣ ಇನ್ನೊಂದು, ಕಿರೀಟ ಮತ್ತೊಂದು. ಕದ್ದವನ ಹತ್ತಿರ ಇರೋದು ಚಪ್ಪಟೆಯಾದ ಒಂದು ಜೆಪೆಗ್ ಮಾತ್ರ. ನಾವು ಕೋಡ್ ಬರೆಯೋರು ಗಿಟ್ ಹಿಸ್ಟರಿ ಇಟ್ಟುಕೊಂಡ ಹಾಗೆ ಕಲಾವಿದರು ಹಂತ ಹಂತದ ಫೈಲ್‌ಗಳನ್ನ ಇಟ್ಟುಕೊಳ್ಳಬೇಕು. ಚಿತ್ರ ಮುಗೀತು ಅಂತ ಲೇಯರ್‌ಗಳನ್ನ ಸೇರಿಸಿಬಿಟ್ಟು ಹಳೇದನ್ನ ಅಳಿಸಬೇಡಿ. ಅಂಗಡಿಯ ದೂರಿನ ಫಾರಂಗೆ ಇದನ್ನೆಲ್ಲ ಲಗತ್ತಿಸಿದ್ವಿ, ನಾಲ್ಕು ದಿನದಲ್ಲಿ ಮಗ್ ಮಾಯ. ಒಂದು ತಿಂಗಳಿಗೆ ಅದೇ ಚಿತ್ರ ಬೇರೆ ಹೆಸರಲ್ಲಿ ಟೀ ಶರ್ಟ್ ಮೇಲೆ ಬಂತು ಅನ್ನೋದೂ ನಿಜ. ಆದರೆ ಈ ಸಲ ಫೋಲ್ಡರ್ ರೆಡಿ ಇತ್ತು, ದೂರು ಕೊಡೋಕೆ ಹತ್ತು ನಿಮಿಷ ಸಾಕಾಯ್ತು.

ಕಾನೂನಿಗೂ ಒಂದು ಗಡಿ ಇದೆ. ಯಕ್ಷಗಾನದ ವೇಷ ಬರೆಯೋ ಐಡಿಯಾ ಯಾರಪ್ಪನ ಆಸ್ತಿಯೂ ಅಲ್ಲ. ತನ್ನ ನಾಟಕವನ್ನ ಕದ್ದು ಸಿನಿಮಾ ಮಾಡಿದ್ದಾರೆ ಅಂತ ಆರ್. ಜಿ. ಆನಂದ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನ ಹೇಳಿತು: ರಕ್ಷಣೆ ಇರೋದು ಐಡಿಯಾಗಲ್ಲ, ಅದನ್ನ ನೀವು ಮೂಡಿಸಿದ ರೂಪಕ್ಕೆ. ಆನಂದ್ ಸೋತರು.

ಕಾಪಿ ಆಗದ ಹಾಗೆ ತಡೆಯೋ ಉಪಾಯ ಇಲ್ವಾ? ಪೂರ್ತಿಯಾಗಿ ಇಲ್ಲ. ಚಿಕ್ಕ ಸೈಜಲ್ಲಿ ಹಾಕಿ ಅಂತಾರೆ. ಲೆಕ್ಕ ಹಾಕಿ ನೋಡಿ: ಒಳ್ಳೇ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಬೇಕು, 1080 ಪಿಕ್ಸೆಲ್ ಅಗಲದ ಚಿತ್ರ 3.6 ಇಂಚು ಬರುತ್ತೆ. ಗೋಡೆಗೆ ಹಾಕೋ ಪೋಸ್ಟರ್‌ಗೆ ಸಾಲದು, ಮಗ್‌ಗೆ ಧಾರಾಳ! ಎಐ ನಿಮ್ಮ ಶೈಲಿ ಕಲಿಯದ ಹಾಗೆ ಮಾಡೋಕೆ ಶಿಕಾಗೋ ವಿಶ್ವವಿದ್ಯಾಲಯದವರು 2023ರಲ್ಲಿ 'ಗ್ಲೇಜ್' ಅನ್ನೋ ಉಚಿತ ತಂತ್ರಾಂಶ ಬಿಟ್ಟರು. ಬಳಸಬಹುದು, ಆದರೆ ಅದನ್ನ ದಾಟೋ ದಾರಿಯನ್ನೂ ಸಂಶೋಧಕರು ತೋರಿಸಿದ್ದಾರೆ.

ನನ್ನ ಪ್ರಕಾರ ಕಳ್ಳರಿಗಿಂತ ಹೆಚ್ಚು ಕಳೆದುಕೊಳ್ಳೋದು ಒಪ್ಪಂದ ಇಲ್ಲದೆ. ಯಾರೋ ದುಡ್ಡು ಕೊಟ್ಟು ನಿಮ್ಮಿಂದ ಪೇಂಟಿಂಗ್ ಮಾಡಿಸಿಕೊಂಡ್ರು ಅಂದ್ಕೊಳ್ಳಿ. ಬೇರೆ ಒಪ್ಪಂದ ಇಲ್ಲದಿದ್ರೆ ಕಾಪಿರೈಟ್ ಅವರದ್ದು, ನಿಮ್ಮದಲ್ಲ! ಫೋಟೋಗೂ ಅಷ್ಟೇ. ಕಂಪನಿ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಕಂಪನಿಗೆ ಸೇರುತ್ತೆ. ಅದಕ್ಕೇ ಅಡ್ವಾನ್ಸ್ ತೆಗೆದುಕೊಳ್ಳೋ ಮುಂಚೆ ಹಕ್ಕು ಯಾರದ್ದು, ಯಾವುದಕ್ಕೆ ಬಳಸ್ತಾರೆ, ಎಷ್ಟು ವರ್ಷ, ಎಲ್ಲೆಲ್ಲಿ ಅಂತ ಬರೆಸಿ ಸಹಿ ಹಾಕಿಸಿ. ಹಕ್ಕು ಬಿಟ್ಟುಕೊಡುವಾಗ ಅವಧಿ ಬರೆಯದಿದ್ರೆ ಕಾನೂನು ಅದನ್ನ 5 ವರ್ಷ ಅಂತ ಲೆಕ್ಕ ಹಾಕುತ್ತೆ. ಪ್ರದೇಶ ಬರೆಯದಿದ್ರೆ ಇಡೀ ಭಾರತ ಅಂತ.

ಇನ್ನು ನೋಂದಣಿ. ಸರ್ಕಾರದ ಕಾಪಿರೈಟ್ ಕಚೇರಿಯ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬಹುದು. ಒಂದು ಕಲಾಕೃತಿಗೆ ಶುಲ್ಕ 500 ರೂಪಾಯಿ, ಸರಕುಗಳ ಮೇಲೆ ಬಳಸೋದಾದ್ರೆ 2000. ಕೋರ್ಟಿನಲ್ಲಿ ಅದು ಮೇಲ್ನೋಟದ ಸಾಕ್ಷಿಯಾಗುತ್ತೆ. ತಿಂಗಳಿಗೆ ಇಪ್ಪತ್ತು ಚಿತ್ರ ಬರೆಯೋರಿಗೆ ಎಲ್ಲಾನೂ ಮಾಡಿಸೋದು ದುಬಾರಿ. ಚೆನ್ನಾಗಿ ಓಡೋ ನಾಲ್ಕೈದನ್ನ ಆರಿಸಿಕೊಳ್ಳಿ. ಆಕ್ಷೇಪಣೆಗೆ ಅಂತ 30 ದಿನ ಕಾಯಿಸ್ತಾರೆ, ಹಾಗಾಗಿ ಮಗ್ ಮಾರಾಟಕ್ಕೆ ಬರೋವರೆಗೂ ಸುಮ್ಮನಿರಬೇಡಿ.