ಗಣಕಯಂತ್ರದ ಅಕ್ಷರಗಣನೆಯೂ ಕನ್ನಡದ ಹೆಸರುಗಳೂ

ಕಂದಪದ್ಯದ ನಾಲ್ಕು ಪಾದಗಳಲ್ಲಿ 12, 20, 12, 20ರಂತೆ ಒಟ್ಟು 64 ಮಾತ್ರೆಗಳಿರಬೇಕು. ಉತ್ಪಲಮಾಲೆಯ ಪಾದದಲ್ಲಿಯಾದರೋ 20 ಅಕ್ಷರಗಳು. ಒಂದೆಡೆ ಎಣಿಸುವುದು ಮಾತ್ರೆಯನ್ನು, ಇನ್ನೊಂದೆಡೆ ಅಕ್ಷರವನ್ನು. ಎಣಿಸುತ್ತಿರುವುದು ಯಾವುದನ್ನೆಂಬುದನ್ನು ಮರೆತರೆ ಲೆಕ್ಕವೇ ಕೆಡುವುದು. ಗಣಕಯಂತ್ರದಲ್ಲಿಯೂ ಇದೇ ವಿಚಾರವು ಬೇರೊಂದು ರೂಪದಲ್ಲಿ ಎದುರಾಗುತ್ತದೆ.

ಗಣಕದ ಸಮಸ್ತ ವ್ಯವಹಾರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಇತರ ತಂತ್ರಾಂಶಗಳು ಕಡತವೊಂದನ್ನು ತೆರೆಯಬೇಕಾದಾಗ ಆ ಕಡತದ ಹೆಸರನ್ನು ಇದಕ್ಕೆ ಒಪ್ಪಿಸಬೇಕು. ಹೆಸರನ್ನು ಇರಿಸಿಕೊಳ್ಳಲು ಯಂತ್ರದ ಸ್ಮೃತಿಯಲ್ಲಿ ಮೊದಲೇ ಸ್ಥಳವನ್ನು ಕಾದಿರಿಸುವುದು ವಾಡಿಕೆ. ಆದುದರಿಂದ ಉದ್ದಕ್ಕೊಂದು ಮೇರೆ ಅವಶ್ಯ. ಮೇರೆಯನ್ನು ನೋಡದೆ ತುಂಬಿದರೆ ಬರಹವು ಪಕ್ಕದ ಸ್ಥಳವನ್ನೂ ಆಕ್ರಮಿಸುತ್ತದೆ. 1988ರ ನವೆಂಬರಿನಲ್ಲಿ ಅಮೆರಿಕದ ಗಣಕಜಾಲದಲ್ಲಿ ಹಬ್ಬಿದ ‘ಮಾರಿಸ್ ವರ್ಮ್’ ಎಂಬ ಉಪದ್ರವಕಾರಿ ತಂತ್ರಾಂಶವು ಬಳಸಿದ ದಾರಿಗಳಲ್ಲಿ ಒಂದು ಇದೇ: 512 ಬೈಟುಗಳ ಸ್ಥಳಕ್ಕೆ 536 ಬೈಟುಗಳನ್ನು ತುಂಬಿ ಅದು ಒಳನುಸುಳಿತು. ಮೇರೆಯೆಂಬುದು ಸಂಕೋಚವಲ್ಲ, ರಕ್ಷೆ.

ಆದರೆ ಮೇರೆಯನ್ನು ಅಳೆಯುವ ಮಾನ ಯಾವುದು? ಯೂನಿಕೋಡ್ ಸಂಕೇತಕ್ರಮದಲ್ಲಿ ‘ಸ್ತ್ರೀ’ ಎಂಬ ಪದವನ್ನು ನೋಡೋಣ. ವೃತ್ತಕ್ಕೆ ಅದು ಒಂದು ಅಕ್ಷರ, ಕಂದಕ್ಕೆ ಎರಡು ಮಾತ್ರೆ. ಯೂನಿಕೋಡಿಗೆ ಸಕಾರ, ತಕಾರ, ರಕಾರ, ಎರಡು ವಿರಾಮಚಿಹ್ನೆಗಳು, ದೀರ್ಘ ಈಕಾರದ ಚಿಹ್ನೆ ಎಂದು ಆರು ಸಂಕೇತಗಳು. ಲಿನಕ್ಸ್ ವ್ಯವಸ್ಥೆಯಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟುಗಳಂತೆ ಹದಿನೆಂಟು ಬೈಟುಗಳು.

ಲಿನಕ್ಸಿನಲ್ಲಿ ಕಡತದ ಹೆಸರಿನ ಸಾಮಾನ್ಯ ಮೇರೆ 255 ಬೈಟುಗಳು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು ಸಾಕಾಗುವುದರಿಂದ ಅದರಲ್ಲಿ 255 ಅಕ್ಷರಗಳು ಹಿಡಿಸುತ್ತವೆ. ಕನ್ನಡಕ್ಕೆ ದೊರೆಯುವುದು 85 ಸಂಕೇತಗಳು ಮಾತ್ರ. ವಿಂಡೋಸ್ ವ್ಯವಸ್ಥೆಯ ಎಣಿಕೆ ಬೇರೆ. ಅಲ್ಲಿ ಕನ್ನಡದ ಒಂದು ಸಂಕೇತಕ್ಕೆ ಒಂದೇ ಅಂಶದಂತೆ ಹೆಸರಿಗೆ 255 ಅಂಶಗಳಿಗೆ ಅವಕಾಶವುಂಟು. ಆದರೆ ಕಡತವಿರುವ ಕೋಶಗಳ ಹೆಸರುಗಳನ್ನೂ ಸೇರಿಸಿದ ಪೂರ್ಣ ಮಾರ್ಗಕ್ಕೆ ರೂಢಿಯ ಮೇರೆ 260. 2016ರಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣದಿಂದೀಚೆಗೆ ಇದನ್ನು ಸಡಿಲಿಸಬಹುದಾದರೂ, ವ್ಯವಸ್ಥೆ ಮತ್ತು ತಂತ್ರಾಂಶ ಎರಡೂ ಅದಕ್ಕೆ ಒಪ್ಪಿರಬೇಕು.

ಪರಿಣಾಮವನ್ನು ಊಹಿಸಿರಿ. ಶಾಲೆಯ ಹಳೆಯ ದಾಖಲೆಗಳನ್ನು ಗಣಕಕ್ಕೇರಿಸುವವರು ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಊರು, ವರ್ಷಗಳನ್ನೆಲ್ಲ ಕೂಡಿಸಿ ನೂರು ಸಂಕೇತಗಳ ಹೆಸರನ್ನು ಕಡತಕ್ಕಿಟ್ಟರೆ ವಿಂಡೋಸ್ ಒಪ್ಪೀತು. ಅದನ್ನೇ ಲಿನಕ್ಸಿಗೆ ಸಾಗಿಸಹೊರಟರೆ 300 ಬೈಟುಗಳಾಗಿ ನಿರಾಕರಣೆ ಬರುತ್ತದೆ. ನಿರಾಕರಣೆಯಾದರೂ ಮೇಲು, ತಿಳಿದುಬರುತ್ತದೆ. ಅದನ್ನು ತಪ್ಪಿಸಲೆಂದು ಕೆಲವು ತಂತ್ರಾಂಶಗಳು ಹೆಸರನ್ನು ಮೇರೆಯಲ್ಲಿ ಕತ್ತರಿಸಿಬಿಡುತ್ತವೆ. ಬೈಟನ್ನೇ ನೋಡಿ ಕತ್ತರಿಸಿದಲ್ಲಿ ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು ‘ಸ್ತ್ರೀ’ ಎಂಬುದು ಬರಿಯ ‘ಸ’ ಆದೀತು. ತುದಿ ಕಳೆದ ಎರಡು ಹೆಸರುಗಳು ಒಂದೇ ಆದರೆ ಒಂದರ ಮೇಲೊಂದು ಕಡತ ಕುಳಿತು, ಒಬ್ಬನ ದಾಖಲೆಯೇ ಅಳಿದೀತು.

ಆದುದರಿಂದ ಕಡತಕ್ಕೆ ಕಿರಿದಾದ ಹೆಸರನ್ನಿಟ್ಟು ವಿವರಗಳನ್ನು ಒಳಗೆ ಬರೆಯುವುದು ಕ್ಷೇಮ. ತಂತ್ರಾಂಶ ರಚಿಸುವ ನಮ್ಮ ಹಳೆಯ ವಿದ್ಯಾರ್ಥಿಗಳು ಮೇರೆಯೊಡನೆ ಅದರ ಮಾನವನ್ನೂ ವಿಚಾರಿಸಲಿ. ಕತ್ತರಿಸಲೇಬೇಕಾದರೆ ಅಕ್ಷರದ ಸಂಧಿಯಲ್ಲಿ ಕತ್ತರಿಸಲಿ. ಗಣವಿಭಾಗವನ್ನು ಬಲ್ಲ ಕನ್ನಡಿಗನಿಗೆ ಈ ವಿವೇಕವು ಹೊಸತೇನಲ್ಲ.